ಊರಿಂದೂರಿಗೆ ಹೋದ ಕಪ್: ರಿವರೀನಾದ ಮಾಹೆರ್ ಕಪ್ ಯಾಕೆ ನಿಂತುಹೋಯಿತು?

ಆಸ್ಟ್ರೇಲಿಯಾದ ರಗ್ಬಿ ಲೀಗ್ ಅಂದರೆ ಎಲ್ಲರೂ ಸಿಡ್ನಿ ಕಡೆ ನೋಡುತ್ತಾರೆ. ದೊಡ್ಡ ಕ್ಲಬ್ಬುಗಳು, ಟಿವಿ ದುಡ್ಡು, ತುಂಬಿದ ಸ್ಟೇಡಿಯಂ ಎಲ್ಲಾ ಅಲ್ಲೇ ಇವೆ. ನಾನು ಇವತ್ತು ನಿಮ್ಮನ್ನು ಅಲ್ಲಿಂದ ಸುಮಾರು 400 ಕಿಲೋಮೀಟರ್ ಒಳನಾಡಿಗೆ ಕರೆದುಕೊಂಡು ಹೋಗುತ್ತೇನೆ. ನ್ಯೂ ಸೌತ್ ವೇಲ್ಸ್ ರಾಜ್ಯದ ನೈರುತ್ಯ ಭಾಗ, ರಿವರೀನಾ ಮತ್ತು ಅದರ ಪೂರ್ವದ ಗುಡ್ಡದ ಇಳಿಜಾರು. ಕುರಿ, ಗೋಧಿ, ಹಣ್ಣಿನ ತೋಟಗಳ ನಾಡು. ಟ್ಯೂಮಟ್, ಗುಂಡಗೈ, ಕೂಟಮಂಡ್ರ, ಯಂಗ್, ಟೆಮೋರ, ಜೂನಿ, ಹಾರ್ಡನ್, ಗ್ರೆನ್‌ಫೆಲ್, ವೆಸ್ಟ್ ವೈಲಾಂಗ್, ಬಾರ್ಮೆಡ್‌ಮನ್. ಎಲ್ಲವೂ ಸಣ್ಣ ಊರುಗಳು. ಕೆಲವು ತೀರಾ ಸಣ್ಣವು.

ಈ ಊರುಗಳು 1920ರಿಂದ 1971ರವರೆಗೆ ಒಂದು ಕಪ್‌ಗಾಗಿ ಕಾದಾಡಿದವು. ಅದರ ಹೆಸರು ಮಾಹೆರ್ ಕಪ್. ಟ್ಯೂಮಟ್‌ನಲ್ಲಿ ಹೋಟೆಲ್ ನಡೆಸುತ್ತಿದ್ದ ಟೆಡ್ ಮಾಹೆರ್ ಕೊಟ್ಟ ಕಪ್ ಅದು. ಇವತ್ತು ಆ ಸ್ಪರ್ಧೆ ಇಲ್ಲ. ಅದು ಹೇಗೆ ನಡೀತಿತ್ತು, ಯಾಕೆ ನಿಂತಿತು, ನಿಂತ ಮೇಲೆ ಈ ಊರುಗಳ ಆಟ ಯಾವ ಮೆಟ್ಟಿಲಿಗೆ ಇಳಿಯಿತು ಅನ್ನೋದು ನನ್ನ ವಿಷಯ.

ಮೊದಲು ಆಟದ ಬಗ್ಗೆ ಎರಡು ಮಾತು. ಇಲ್ಲಿ ಕ್ರಿಕೆಟ್ ನೋಡುವವರೇ ಜಾಸ್ತಿ ಅಲ್ವಾ, ಅದಕ್ಕೆ ಹೇಳುತ್ತೇನೆ. ರಗ್ಬಿಯಲ್ಲಿ ಎರಡು ಬಗೆ ಇದೆ. ಯೂನಿಯನ್‌ನಲ್ಲಿ ಒಂದೊಂದು ತಂಡದಲ್ಲಿ 15 ಜನ, ಲೀಗ್‌ನಲ್ಲಿ 13 ಜನ. ಲೀಗ್‌ನಲ್ಲಿ ಚೆಂಡು ಹಿಡಿದವನನ್ನು ಎದುರಾಳಿಗಳು ತಬ್ಬಿ ನೆಲಕ್ಕೆ ಕೆಡವುತ್ತಾರೆ. ಕಬಡ್ಡಿಯಲ್ಲಿ ರೈಡರ್‌ನನ್ನು ಇಬ್ಬರು ಮೂವರು ಸೇರಿ ಹಿಡಿದು ಮಲಗಿಸುತ್ತಾರಲ್ಲ, ಹಾಗೆ. ಬಿದ್ದವನು ಎದ್ದು ಕಾಲಿನಿಂದ ಚೆಂಡನ್ನು ಹಿಂದಕ್ಕೆ ತಳ್ಳುತ್ತಾನೆ, ಆಟ ಮುಂದುವರಿಯುತ್ತದೆ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ. ಆ ಕಾಲದಲ್ಲಿ ಟ್ರೈಗೆ 3 ಅಂಕ, ಕಂಬದ ನಡುವೆ ಒದ್ದರೆ 2. ಈಗ ಆರು ಸಲ ಹಿಡಿದು ಕೆಡವಿದ ಮೇಲೆ ಚೆಂಡು ಎದುರಾಳಿಗೆ ಹೋಗುತ್ತದೆ. 1967ಕ್ಕೆ ಮುಂಚೆ ಹಾಗೆ ಮಿತಿಯೇ ಇರಲಿಲ್ಲ. ಗಟ್ಟಿ ತಂಡ ಹತ್ತು ನಿಮಿಷ ಚೆಂಡು ಬಿಡದೆ ತಳ್ಳಿಕೊಂಡು ಹೋಗಬಹುದಿತ್ತು. ಮಳೆ ಬಿದ್ದ ಮೈದಾನ, ನೀರು ಕುಡಿದು ಭಾರವಾದ ಚರ್ಮದ ಚೆಂಡು, ಮಿತಿಯಿಲ್ಲದ ಹಿಡಿತ. ಮಾಹೆರ್ ಕಪ್ ಪಂದ್ಯ ಎಷ್ಟು ಒರಟಾಗಿ ನಡೆದಿರಬಹುದು ಅಂತ ಇದರಲ್ಲೇ ಊಹಿಸಬಹುದು.

ಲೀಗ್ ಯಾಕೆ ಬೇರೆಯಾಯಿತು ಅನ್ನೋದೂ ಗೊತ್ತಿರಬೇಕು, ಮುಂದಿನ ಕಥೆಗೆ ಅದು ಬೇಕಾಗುತ್ತದೆ. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಸೇರಿ ಹೊಸ ಸಂಘ ಕಟ್ಟಿದವು. ಅಲ್ಲಿ ಆಡುತ್ತಿದ್ದವರಲ್ಲಿ ಗಣಿ, ಗಿರಣಿ ಕೆಲಸಗಾರರು ಬಹಳ. ಆಟಕ್ಕೆ ಹೋದ ದಿನ ಕೂಲಿ ತಪ್ಪುತ್ತದೆ, ಆ ಕೂಲಿಯನ್ನು ಕಟ್ಟಿಕೊಡಿ ಅಂತ ಅವರ ಕ್ಲಬ್ಬುಗಳು ಕೇಳಿದವು. ಹಳೆಯ ಸಂಘ ಒಪ್ಪಲಿಲ್ಲ. ಲೀಗ್ ಹುಟ್ಟಿದ್ದೇ ಆ ಜಗಳದಿಂದ. ಸಿಡ್ನಿಯಲ್ಲಿ 1908ರಿಂದ ಲೀಗ್ ಟೂರ್ನಿ ಶುರುವಾಯಿತು, ಬೇಗನೆ ಒಳನಾಡಿಗೂ ಹರಡಿತು. ಆಡಿದವನಿಗೆ ದುಡ್ಡು ಕೊಡುವುದು ಈ ಆಟದಲ್ಲಿ ಮೊದಲಿನಿಂದಲೂ ನಾಚಿಕೆಯ ವಿಷಯವಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಕಪ್‌ಗೆ ಬರೋಣ. ಇದು ನಮಗೆ ಗೊತ್ತಿರುವ ಲೀಗ್ ಪಟ್ಟಿಯ ಹಾಗಿರಲಿಲ್ಲ. ಸೆಮಿಫೈನಲ್ ಇಲ್ಲ, ಫೈನಲ್ ಇಲ್ಲ. ಇದು ಸವಾಲಿನ ಕಪ್. ಕಪ್ ಒಂದು ಊರಿನ ಕೈಯಲ್ಲಿ ಇರುತ್ತದೆ. ಇನ್ನೊಂದು ಊರು ಸವಾಲು ಹಾಕುತ್ತದೆ. ಸವಾಲು ಹಾಕಿದವರು ಕಪ್ ಇರುವ ಊರಿಗೇ ಹೋಗಿ ಆಡಬೇಕು. ಗೆದ್ದರೆ ಕಪ್ ಅವತ್ತೇ ಅವರ ಜೊತೆ ಹೊರಡುತ್ತದೆ. ಸೋತರೆ ವಾಪಸ್ ಸರದಿಯ ಕೊನೆಗೆ. ಆಮೇಲೆ ಪಟ್ಟಿಯಲ್ಲಿ ಮುಂದಿನ ಊರಿನ ಸರದಿ.

ಸರಳ ವ್ಯವಸ್ಥೆ. ಆದರೆ ಇದು ಜನರ ಮೇಲೆ ಮಾಡುತ್ತಿದ್ದ ಪರಿಣಾಮ ನೋಡಿ. ಮಾಮೂಲಿ ಲೀಗ್‌ನಲ್ಲಿ ಒಂದು ಪಂದ್ಯ ಸೋತರೆ ಎರಡು ಪಾಯಿಂಟ್ ಹೋಯಿತು, ಮುಂದಿನ ವಾರ ನೋಡಿಕೊಳ್ಳೋಣ ಅನ್ನಬಹುದು. ಇಲ್ಲಿ ಮುಂದಿನ ವಾರ ಅನ್ನೋದೇ ಇಲ್ಲ. ಪ್ರತಿ ಪಂದ್ಯವೂ ಫೈನಲ್. ಸೋತ ದಿನ ಕಪ್ ನಿಮ್ಮ ಕಣ್ಣೆದುರೇ ಪಕ್ಕದ ಊರಿನ ರೈಲು ಹತ್ತುತ್ತದೆ. ಆ ಊರು ಬರೀ 30 ಕಿಲೋಮೀಟರ್ ದೂರದಲ್ಲಿದೆ, ಅಲ್ಲಿ ನಿಮ್ಮ ನೆಂಟರಿದ್ದಾರೆ, ನೀವು ಕುರಿ ಮಾರಲು ಹೋಗುವುದೂ ಅಲ್ಲಿಗೇ. ಸೋಲನ್ನು ತಿಂಗಳುಗಟ್ಟಲೆ ಕೇಳಿಸಿಕೊಳ್ಳಬೇಕು. ಟ್ಯೂಮಟ್ ಮತ್ತು ಗುಂಡಗೈ ನಡುವೆ ಇರೋದು ಅಷ್ಟೇ ದೂರ.

ಕಪ್ ಪಂದ್ಯದ ದಿನ ಹೇಗಿರುತ್ತಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಎಷ್ಟೋ ಪಂದ್ಯಗಳು ವಾರದ ನಡುವೆ ನಡೆಯುತ್ತಿದ್ದವು. ಮಧ್ಯಾಹ್ನಕ್ಕೆ ಅಂಗಡಿಗಳ ಬಾಗಿಲು ಮುಚ್ಚುತ್ತಿದ್ದವು. ಸವಾಲು ಹಾಕಿದ ಊರಿನಿಂದ ವಿಶೇಷ ರೈಲು ಹೊರಡುತ್ತಿತ್ತು. ಸಿಡ್ನಿ-ಮೆಲ್ಬರ್ನ್ ಮುಖ್ಯ ಮಾರ್ಗ ಹಾರ್ಡನ್, ಕೂಟಮಂಡ್ರ, ಜೂನಿ ಮೂಲಕವೇ ಹೋಗುತ್ತದೆ. ಅದರಿಂದ ಟೆಮೋರ, ವೆಸ್ಟ್ ವೈಲಾಂಗ್ ಕಡೆಗೆ ಒಂದು ಕವಲು, ಗುಂಡಗೈ, ಟ್ಯೂಮಟ್ ಕಡೆಗೆ ಇನ್ನೊಂದು. ಗುಂಡಗೈಯಲ್ಲಿ ಮರ್ರಂಬಿಜಿ ನದಿಯ ಬಯಲಿನ ಮೇಲೆ ಮರದಿಂದ ಕಟ್ಟಿದ ಉದ್ದದ ರೈಲು ಸೇತುವೆ ಇವತ್ತಿಗೂ ಉಳಿದಿದೆ, ರೈಲು ಮಾತ್ರ ಇಲ್ಲ. ಮಾಹೆರ್ ಕಪ್‌ನ ನಕ್ಷೆ ಬರೆಯಿರಿ ಅಂದರೆ ಈ ರೈಲು ಕವಲುಗಳನ್ನು ಬರೆದರೆ ಸಾಕು, ಹೆಚ್ಚುಕಮ್ಮಿ ಅದೇ ನಕ್ಷೆ. ಜನ ಬಂದು ಇಳಿಯುತ್ತಿದ್ದರು, ಹೋಟೆಲ್‌ಗಳು ತುಂಬುತ್ತಿದ್ದವು, ಬೆಟ್ಟಿಂಗ್ ಜೋರಾಗಿ ನಡೆಯುತ್ತಿತ್ತು. ಪಂದ್ಯ ಮುಗಿದ ಮೇಲೆ ರೆಫರಿ ತೀರ್ಪಿನ ಮೇಲೆ ತಕರಾರು, ಆಟಗಾರ ನಿಜವಾಗಿ ಆ ಊರಿನವನೇ ಅಲ್ಲವೇ ಅಂತ ತಕರಾರು, ಆಮೇಲೆ ಸಮಿತಿಗೆ ದೂರು. ಬೆಳ್ಳಿ ಲೇಪದ ಆ ಕಪ್‌ಗೆ ಜನ ಪ್ರೀತಿಯಿಂದ ‘ಹಳೇ ತಗಡಿನ ಪಾತ್ರೆ’ ಅಂತ ಹೆಸರಿಟ್ಟಿದ್ದರು. ಅದೇ ಪಾತ್ರೆಗಾಗಿ ಒಂದು ಇಡೀ ಜಿಲ್ಲೆ 50 ವರ್ಷ ನಿದ್ದೆಗೆಟ್ಟಿತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಕೂಟಮಂಡ್ರ ಅನ್ನೋ ಹೆಸರು ನಿಮಗೆ ಎಲ್ಲೋ ಕೇಳಿದ ಹಾಗೆ ಅನ್ನಿಸುತ್ತಿರಬೇಕು. ಡಾನ್ ಬ್ರಾಡ್ಮನ್ ಹುಟ್ಟಿದ ಊರು ಅದು, 1908ರಲ್ಲಿ. ಅವರು ಮಗುವಾಗಿದ್ದಾಗಲೇ ಕುಟುಂಬ ಬೌರಲ್‌ಗೆ ಹೋಯಿತು, ಆದರೂ ಹುಟ್ಟಿದ ಮನೆಯನ್ನು ಊರಿನವರು ಮ್ಯೂಸಿಯಂ ಮಾಡಿ ಇಟ್ಟುಕೊಂಡಿದ್ದಾರೆ. ಆದರೆ ಅದೇ ಊರಿನಲ್ಲಿ ಬ್ರಾಡ್ಮನ್‌ಗಿಂತ ಐದು ವರ್ಷ ಮೊದಲು, 1903ರಲ್ಲಿ, ಇನ್ನೊಬ್ಬ ಹುಡುಗ ಹುಟ್ಟಿದ್ದ. ಎರಿಕ್ ವೈಸಲ್. ನಮ್ಮ ಕಡೆ ಈ ಹೆಸರು ಯಾರಿಗೂ ಗೊತ್ತಿಲ್ಲ. ರಿವರೀನಾದಲ್ಲಿ ಹಳಬರನ್ನು ಕೇಳಿದರೆ ಎರಡೂ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವವರು ಸಿಗುತ್ತಾರೆ.

ವೈಸಲ್ 1928ರಿಂದ 1932ರವರೆಗೆ ಆಸ್ಟ್ರೇಲಿಯಾ ಪರವಾಗಿ ಟೆಸ್ಟ್ ಆಡಿದರು. 1929-30ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೂ ಹೋದರು. ಆದರೆ ಸಿಡ್ನಿಯ ಒಂದು ಕ್ಲಬ್‌ಗೂ ಆಡಲಿಲ್ಲ. ಕೂಟಮಂಡ್ರ, ಟೆಮೋರ, ಬಾರ್ಮೆಡ್‌ಮನ್, ನರಂಡೆರ ಇವೇ ಅವರ ತಂಡಗಳು. 1932ರ ಜೂನ್ 18ರಂದು ಬ್ರಿಸ್ಬೇನ್‌ನ ಗಾಬಾ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಎರಡನೇ ಟೆಸ್ಟ್ ನಡೆಯಿತು. ಎಷ್ಟು ಜನ ಗಾಯಗೊಂಡರೆಂದರೆ ಆ ಪಂದ್ಯಕ್ಕೆ ‘ಬ್ರಿಸ್ಬೇನ್ ಕದನ’ ಅಂತಲೇ ಹೆಸರು ನಿಂತಿತು. ಆಗ ಬದಲಿ ಆಟಗಾರರ ವ್ಯವಸ್ಥೆ ಇರಲಿಲ್ಲ. ಒಬ್ಬ ಹೊರಗೆ ಹೋದರೆ ಉಳಿದವರೇ ಆಡಬೇಕು. ವೈಸಲ್‌ರ ಕಾಲಿನ ಹರಡು ಮುರಿದಿತ್ತು. ಆದರೂ ಅವರು ಮೈದಾನ ಬಿಡಲಿಲ್ಲ. ಪಂದ್ಯದ ಕೊನೆ ಹತ್ತಿರ ಚೆಂಡು ಹಿಡಿದು ಕುಂಟುತ್ತಲೇ ದೂರ ಓಡಿದರು. ಗೆರೆಗೆ ಸ್ವಲ್ಪ ಮುಂಚೆ ಅವರನ್ನು ಕೆಡವಿದರು, ಅಲ್ಲಿಂದ ಸಿಕ್ಕ ಚೆಂಡಿನಲ್ಲಿ ಹೆಕ್ ಗೀ ಟ್ರೈ ಹೊಡೆದರು. ಆಸ್ಟ್ರೇಲಿಯಾ 15-6ರಲ್ಲಿ ಗೆದ್ದಿತು.

ನಾನು ಈ ಕಥೆ ಹೇಳಿದ್ದು ಸಾಹಸ ವರ್ಣಿಸಲು ಮಾತ್ರ ಅಲ್ಲ. ಯೋಚನೆ ಮಾಡಿ. ದೇಶದ ಅತ್ಯುತ್ತಮ ಆಟಗಾರರಲ್ಲಿ ಒಬ್ಬರು ಇಡೀ ಬದುಕು ಹಳ್ಳಿಗಾಡಿನ ತಂಡಗಳಲ್ಲೇ ಆಡಿದರು, ಅದರಿಂದ ಅವರಿಗೆ ನಷ್ಟವೇನೂ ಆಗಲಿಲ್ಲ. ಟೆಸ್ಟ್ ಆಯ್ಕೆಗಾರರು ಅಲ್ಲಿಗೇ ಕಣ್ಣು ಹಾಯಿಸುತ್ತಿದ್ದರು. ಅಂದರೆ ಆಗ ರಿವರೀನಾದ ಆಟ ಎರಡನೇ ದರ್ಜೆಯದಾಗಿರಲಿಲ್ಲ. ಅದನ್ನು ಆಮೇಲೆ ಎರಡನೇ ದರ್ಜೆ ಮಾಡಲಾಯಿತು. ಈ ವ್ಯತ್ಯಾಸವೇ ನನ್ನ ಇಡೀ ಮಾತಿನ ತಿರುಳು.

ಇದು ಹೇಗೆ ಸಾಧ್ಯವಾಗಿತ್ತು? ಉತ್ತರ ದುಡ್ಡಿನಲ್ಲಿದೆ, ಜೊತೆಗೆ ಸಿಡ್ನಿಯ ಒಂದು ನಿಯಮದಲ್ಲಿದೆ. ಸಿಡ್ನಿ ಟೂರ್ನಿಯಲ್ಲಿ 1959ರವರೆಗೆ ವಾಸದ ನಿಯಮ ಇತ್ತು. ನೀವು ಯಾವ ಬಡಾವಣೆಯಲ್ಲಿ ವಾಸವಿದ್ದೀರೋ ಅದೇ ಕ್ಲಬ್‌ಗೆ ಆಡಬೇಕು. ಹಾಗಾಗಿ ಒಬ್ಬ ಒಳ್ಳೆಯ ಆಟಗಾರನಿಗಾಗಿ ಕ್ಲಬ್ಬುಗಳು ಮೇಲೆ ಮೇಲೆ ಹರಾಜು ಕೂಗುವ ಹಾಗಿರಲಿಲ್ಲ. ದುಡ್ಡು ಬೇಕು ಅನ್ನುವ ಆಟಗಾರ ಒಳನಾಡಿಗೆ ಹೊರಡುತ್ತಿದ್ದ. ಅಲ್ಲಿ ಅವನಿಗೆ ‘ಕ್ಯಾಪ್ಟನ್-ಕೋಚ್’ ಹುದ್ದೆ. ನಾಯಕನೂ ಅವನೇ, ತರಬೇತುದಾರನೂ ಅವನೇ. ಊರಿನವರು ವಾರಕ್ಕಿಷ್ಟು ಅಂತ ಸಂಬಳ ಗೊತ್ತುಮಾಡುತ್ತಿದ್ದರು, ಮೇಲೆ ಒಂದು ಕೆಲಸ ಹುಡುಕಿಕೊಡುತ್ತಿದ್ದರು, ಇರಲು ಮನೆ ನೋಡುತ್ತಿದ್ದರು. ಹೋಟೆಲ್ ಮಾಲೀಕ, ದಿನಸಿ ಅಂಗಡಿಯವನು, ಕುರಿ ಸಾಕುವ ಶ್ರೀಮಂತ ಎಲ್ಲರೂ ಕೈ ಹಾಕುತ್ತಿದ್ದರು. ಕಪ್ ಊರಿನಲ್ಲಿದ್ದರೆ ವ್ಯಾಪಾರ ಚೆನ್ನಾಗಿ ಆಗುತ್ತದೆ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ದುಡ್ಡು ಎಲ್ಲಿಂದ ಬಂತು? ಉಣ್ಣೆ ಮತ್ತು ಗೋಧಿಯಿಂದ. 1950-51ರಲ್ಲಿ, ಕೊರಿಯಾ ಯುದ್ಧದ ಹೊತ್ತಿನಲ್ಲಿ, ಉಣ್ಣೆಯ ಬೆಲೆ ಹುಚ್ಚೆದ್ದು ಏರಿತು. ಒಂದು ಪೌಂಡ್ ಉಣ್ಣೆಗೆ ಸರಾಸರಿ 144 ಪೆನ್ಸ್ ಸಿಕ್ಕ ವರ್ಷ ಅದು. ಆಗ 240 ಪೆನ್ಸ್‌ಗೆ ಒಂದು ಪೌಂಡ್ ಹಣ. ಕೆಲವು ಹರಾಜಿನಲ್ಲಿ ಅದೂ ದಾಟಿತು. ಇದೇ ಕಾಲದಲ್ಲಿ ಟ್ಯೂಮಟ್ ಕಡೆಯ ಬೆಟ್ಟಗಳಲ್ಲಿ ಸ್ನೋಯಿ ಮೌಂಟನ್ಸ್ ಯೋಜನೆ ಶುರುವಾಯಿತು. 1949ರಿಂದ 1974ರವರೆಗೆ ಅಣೆಕಟ್ಟು, ಸುರಂಗ, ವಿದ್ಯುತ್ ಕೇಂದ್ರಗಳ ಕೆಲಸ. ಯುರೋಪಿನಿಂದ ಸಾವಿರಾರು ಜನ ಬಂದರು. ಊರುಗಳಲ್ಲಿ ಜನ ಇದ್ದರು, ದುಡಿಮೆ ಇತ್ತು, ಭಾನುವಾರ ಮೈದಾನದ ಗೇಟಿನಲ್ಲಿ ಹಣ ಕೊಡುವವರಿದ್ದರು.

ಈ ಊರುಗಳ ತಂಡದ ಹೆಸರುಗಳನ್ನು ಕೇಳಿದರೆ ಆ ದುಡಿಮೆ ಕಣ್ಣಿಗೆ ಕಟ್ಟುತ್ತದೆ. ಯಂಗ್ ಊರಿನ ತಂಡದ ಹೆಸರು ಚೆರಿಪಿಕರ್ಸ್, ಅಂದರೆ ಚೆರಿ ಹಣ್ಣು ಕೀಳುವವರು. ಆ ಊರು ಚೆರಿ ತೋಟಕ್ಕೆ ಹೆಸರುವಾಸಿ. ಜೂನಿಯವರು ಡೀಸಲ್ಸ್. ಅದು ರೈಲ್ವೆ ಊರು, 1947ರಲ್ಲಿ ಕಟ್ಟಿದ ದೊಡ್ಡ ಗುಂಡನೆಯ ಎಂಜಿನ್ ಶೆಡ್ ಅಲ್ಲಿದೆ. ವೆಸ್ಟ್ ವೈಲಾಂಗ್‌ನವರು ಮ್ಯಾಲಿ ಮೆನ್. ಮ್ಯಾಲಿ ಅನ್ನೋದು ಒಣ ನೆಲದಲ್ಲಿ ಪೊದೆಯ ಹಾಗೆ ಬೆಳೆಯುವ ನೀಲಗಿರಿ ಜಾತಿಯ ಮರ. ಅದರ ಎಲೆ ಬೇಯಿಸಿ ಎಣ್ಣೆ ತೆಗೆಯುವುದು ಆ ಊರಿನ ಹಳೆಯ ಉದ್ಯೋಗ. ನೆಗಡಿ ಬಂದಾಗ ನಾವು ಮೂಗಿಗೆ ಹಚ್ಚುವ ನೀಲಗಿರಿ ಎಣ್ಣೆಯೇ ಅದು. ಹುಲಿ, ಸಿಂಹ ಅಂತ ಹೆಸರಿಟ್ಟುಕೊಂಡ ತಂಡಗಳು ಲೋಕದಲ್ಲಿ ಬೇಕಾದಷ್ಟಿವೆ. ತಾವು ಮಾಡುವ ಕೆಲಸವನ್ನೇ ಎದೆಯ ಮೇಲೆ ಬರೆದುಕೊಂಡು ಆಡಿದ ಇವರ ಮೇಲೆ ನನಗೆ ವಿಶೇಷ ಪ್ರೀತಿ.

ಹಾಗಾದರೆ ಇಷ್ಟು ಗಟ್ಟಿಯಾಗಿದ್ದದ್ದು ಯಾಕೆ ಬಿದ್ದಿತು?

ಕಾರಣಗಳು ಹೊರಗೂ ಇದ್ದವು, ಒಳಗೂ ಇದ್ದವು. ಹೊರಗಿನದು ಮೊದಲು. 1956ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ನೋಂದಾಯಿತ ಕ್ಲಬ್ಬುಗಳಲ್ಲಿ ಪೋಕರ್ ಯಂತ್ರಗಳಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ನಾಣ್ಯ ಹಾಕಿ ಹಿಡಿ ಎಳೆಯುವ ಜೂಜಿನ ಯಂತ್ರ. ಸಿಡ್ನಿಯ ಲೀಗ್ಸ್ ಕ್ಲಬ್ಬುಗಳಿಗೆ ಹಣದ ಹೊಳೆ ಹರಿಯಿತು. ಲಕ್ಷಾಂತರ ಜನ ಇರುವ ಊರಿನ ಯಂತ್ರಕ್ಕೆ ಬೀಳುವ ನಾಣ್ಯ ಎಷ್ಟು, ಎರಡು ಸಾವಿರ ಜನ ಇರುವ ಊರಿನ ಯಂತ್ರಕ್ಕೆ ಬೀಳುವುದೆಷ್ಟು? ಮೂರು ವರ್ಷದಲ್ಲಿ ವಾಸದ ನಿಯಮವೂ ಹೋಯಿತು. ಈಗ ಸಿಡ್ನಿ ಕ್ಲಬ್ಬುಗಳು ಯಾರನ್ನು ಬೇಕಾದರೂ ಕೊಳ್ಳಬಹುದು, ಕೊಳ್ಳಲು ದುಡ್ಡೂ ಇದೆ. ಅಲ್ಲಿವರೆಗೆ ನಗರದಿಂದ ಹಳ್ಳಿಗೆ ಬರುತ್ತಿದ್ದ ಆಟಗಾರರು ಹಳ್ಳಿಯಿಂದ ನಗರಕ್ಕೆ ಹೊರಟರು. ವಾಗಾ ವಾಗಾದ ಟರ್ವಿ ಪಾರ್ಕ್ ತಂಡದ ಹುಡುಗ ಸ್ಟೀವ್ ಮಾರ್ಟಿಮರ್ 1977ರಲ್ಲಿ ಸಿಡ್ನಿಯ ಕ್ಯಾಂಟರ್ಬರಿ ಸೇರಿದರು, ಹಿಂದೆಯೇ ಅವರ ತಮ್ಮಂದಿರೂ ಹೋದರು. 1982ರಲ್ಲಿ ಕ್ಯಾನ್‌ಬೆರ ತಂಡ ದೊಡ್ಡ ಟೂರ್ನಿಗೆ ಬಂದ ಮೇಲೆ ಜೂನಿಯ ಲಾರಿ ಡೇಲಿ ಅಲ್ಲಿಗೆ ಹೋದರು. ಅವರಿಬ್ಬರೂ ದೇಶದ ದೊಡ್ಡ ಆಟಗಾರರಾದರು. ಅವರು ಹೋದದ್ದು ಸರಿಯೇ. ವೈಸಲ್ ಕಾಲದಲ್ಲಿ ಆಗಿದ್ದರೆ ಊರಲ್ಲೇ ಉಳಿದು ದೇಶಕ್ಕೆ ಆಡಬಹುದಿತ್ತು. ಇವರ ಕಾಲಕ್ಕೆ ಆ ದಾರಿ ಮುಚ್ಚಿತ್ತು.

ಎರಡನೆಯದು, ಜನರೇ ಕಡಿಮೆಯಾದರು. ಟ್ರ್ಯಾಕ್ಟರ್, ಕಟಾವು ಯಂತ್ರ ಬಂದ ಮೇಲೆ ಹತ್ತು ಜನರ ಕೆಲಸವನ್ನು ಒಬ್ಬ ಮಾಡಿದ. ಜಮೀನುಗಳು ದೊಡ್ಡದಾದವು, ಮನೆಗಳು ಕಡಿಮೆಯಾದವು. 1964ರಲ್ಲಿ ವಾಗಾದಿಂದ ಟಿವಿ ಪ್ರಸಾರ ಶುರುವಾಯಿತು. ಸಂಜೆ ಮನೆಯಲ್ಲಿ ಕೂರುವ ಅಭ್ಯಾಸ ಬಂತು. ಎಲ್ಲರಿಗೂ ಕಾರು ಬಂದು ರೈಲು ಖಾಲಿಯಾಯಿತು. ಇದನ್ನೆಲ್ಲ ನೀವು ಎಲ್ಲಾ ಕಡೆ ಕೇಳಿದ್ದೀರಿ, ಹೆಚ್ಚು ಹೇಳುವುದಿಲ್ಲ.

ಒಂದು ವಿಷಯ ಮಾತ್ರ ರಿವರೀನಾಕ್ಕೇ ಸೇರಿದ್ದು. ಅಲ್ಲಿ ಎರಡು ಫುಟ್‌ಬಾಲ್‌ಗಳು ಎದುರುಬದುರಾಗುತ್ತವೆ. ದಕ್ಷಿಣದ ಮೆಲ್ಬರ್ನ್ ಕಡೆಯಿಂದ ಆಸ್ಟ್ರೇಲಿಯನ್ ರೂಲ್ಸ್, ಉತ್ತರದ ಸಿಡ್ನಿ ಕಡೆಯಿಂದ ರಗ್ಬಿ ಲೀಗ್. ಇತಿಹಾಸಕಾರ ಇಯಾನ್ ಟರ್ನರ್ 1978ರಲ್ಲಿ ಇದಕ್ಕೆ ‘ಬರಾಸಿ ರೇಖೆ’ ಅಂತ ಹೆಸರಿಟ್ಟರು. ಆ ರೇಖೆ ರಿವರೀನಾದ ನಡುವೆಯೇ ಹಾದು ಹೋಗುತ್ತದೆ. ಊರಿನಲ್ಲಿ ಆಡುವ ವಯಸ್ಸಿನ ಹುಡುಗರು 60 ಜನ ಇದ್ದಾಗ ಎರಡೂ ಆಟ ನಡೆಯುತ್ತದೆ. 30 ಜನ ಉಳಿದಾಗ? 13 ಜನರ ತಂಡ, ಬದಲಿ ಆಟಗಾರರು, ಅದರ ಕೆಳಗೆ ರಿಸರ್ವ್ ತಂಡ, ಅದರ ಕೆಳಗೆ 18ರೊಳಗಿನವರ ತಂಡ. ಲೆಕ್ಕ ಸೇರುವುದಿಲ್ಲ.

ಈಗ ಒಳಗಿನ ಕಾರಣ. ನನ್ನ ಪ್ರಕಾರ ಇದೇ ಮುಖ್ಯ, ಆದರೆ ಜನ ಇದನ್ನು ಮಾತಾಡುವುದು ಕಡಿಮೆ. ಸವಾಲಿನ ಕಪ್‌ನಲ್ಲಿ ಪಂದ್ಯ ಯಾವಾಗಲೂ ಕಪ್ ಇರುವ ಊರಿನಲ್ಲೇ ನಡೆಯುತ್ತದೆ ಅಂದೆನಲ್ಲ. ಹಾಗಾದರೆ ಆ ಊರಿನ ಹೋಟೆಲು, ಅಂಗಡಿಗಳಿಗೆ ವ್ಯಾಪಾರ, ಗೇಟಿನ ಹಣದಲ್ಲೂ ಲಾಭ. ಆ ಹಣದಲ್ಲಿ ಇನ್ನೂ ಒಳ್ಳೆಯ ಕ್ಯಾಪ್ಟನ್-ಕೋಚ್ ಬರುತ್ತಾನೆ. ಕಪ್ ಇನ್ನೂ ಸ್ವಲ್ಪ ಕಾಲ ಉಳಿಯುತ್ತದೆ. ಸರದಿಯಲ್ಲಿ ಕಾಯುವ ಊರು ತನ್ನ ಮೈದಾನದಲ್ಲಿ ಒಂದು ದೊಡ್ಡ ಪಂದ್ಯವನ್ನೂ ಕಾಣದೆ ಇಡೀ ವರ್ಷ ಕಳೆಯಬಹುದು. ಎಲ್ಲಾ ಊರುಗಳೂ ಹೆಚ್ಚುಕಮ್ಮಿ ಸಮಬಲ ಇದ್ದಾಗ ಕಪ್ ಓಡಾಡುತ್ತಿತ್ತು, ಅದರ ಜೊತೆ ದುಡ್ಡೂ ಓಡಾಡುತ್ತಿತ್ತು. ಸಣ್ಣ ಊರುಗಳು ಬಡವಾದ ಮೇಲೆ ಅದೇ ನಿಯಮ ಇದ್ದವರಿಗೇ ಇನ್ನಷ್ಟು ಕೊಡತೊಡಗಿತು.

ಇನ್ನೊಂದು ಕಡೆ ಗ್ರೂಪ್ ವ್ಯವಸ್ಥೆ ಬೆಳೆಯುತ್ತಿತ್ತು. ಕಂಟ್ರಿ ರಗ್ಬಿ ಲೀಗ್ ಸಂಸ್ಥೆ ಇಡೀ ಒಳನಾಡನ್ನು ಅಂಕಿ ಹಾಕಿ ಗ್ರೂಪ್‌ಗಳಾಗಿ ಹಂಚಿತ್ತು. ಇಲ್ಲಿ ಮುಖ್ಯವಾದದ್ದು ಗ್ರೂಪ್ 9. ಗ್ರೂಪ್ ಸ್ಪರ್ಧೆಯಲ್ಲಿ ಮೊದಲೇ ಗೊತ್ತಾದ ವೇಳಾಪಟ್ಟಿ, ಒಮ್ಮೆ ನಿಮ್ಮ ಊರು, ಒಮ್ಮೆ ನಮ್ಮ ಊರು, ಪಾಯಿಂಟ್ ಪಟ್ಟಿ, ಕೊನೆಗೆ ಫೈನಲ್. ಎಲ್ಲರಿಗೂ ತವರಿನ ಪಂದ್ಯ ಸಿಗುತ್ತದೆ, ವರ್ಷದ ಲೆಕ್ಕ ಹಾಕಬಹುದು. 1937ರಿಂದ ಇಡೀ ಒಳನಾಡಿನಲ್ಲಿ ಆ ವರ್ಷದ ಅತ್ಯುತ್ತಮ ತಂಡಕ್ಕೆ ಕ್ಲೇಟನ್ ಕಪ್ ಬೇರೆ ಇತ್ತು. ಗ್ರೂಪ್ ಪಂದ್ಯವೂ ಆಡಬೇಕು, ಮಾಹೆರ್ ಕಪ್ ಪಂದ್ಯವೂ ಆಡಬೇಕು ಅಂದರೆ ಹಗಲು ಕೆಲಸ ಮಾಡುವ ಹುಡುಗರಿಗೆ ಮೈ ಉಳಿಯುವುದಿಲ್ಲ. ಯಾವುದಾದರೂ ಒಂದನ್ನು ಬಿಡಬೇಕಿತ್ತು. ಜನರಿಗೆ ಇಷ್ಟವಾದದ್ದು ಹಳೆಯ ಕಪ್, ಲೆಕ್ಕಕ್ಕೆ ಒಗ್ಗಿದ್ದು ಗ್ರೂಪ್. 1971ರಲ್ಲಿ ಮಾಹೆರ್ ಕಪ್ ನಿಂತಿತು.

ಗ್ರೂಪ್ ಗೆದ್ದಿತು ಅಂತ ನಾನು ದೂರುವುದಿಲ್ಲ. ಸಣ್ಣ ಊರಿಗೆ ತನ್ನ ಮೈದಾನದಲ್ಲಿ ಆಡುವ ಹಕ್ಕು ಕೊಟ್ಟದ್ದು ಅದೇ. ಆದರೆ ಅಲ್ಲೂ ಮೆಟ್ಟಿಲುಗಳು ಬಂದವು. ಮೇಲೆ ಬಲವಾದ ಊರುಗಳ ಮೊದಲ ದರ್ಜೆ, ಕೆಳಗೆ ಸೆಕೆಂಡ್ ಡಿವಿಷನ್. ಮೇಲಿನ ಗ್ರೂಪ್‌ನಲ್ಲಿ ಮೂರು ತಂಡ ಹೊಂದಿಸಲಾಗದ ಊರಿಗೆ ಒಂದೇ ತಂಡ ಸಾಕು ಅನ್ನುವ ಜಾಗ ಅದು. ನನ್ನ ಕಣ್ಣಿಗೆ ಒಳನಾಡಿನ ಆಟದಲ್ಲಿ ಅತ್ಯಂತ ಮುಖ್ಯವಾದ ಮೆಟ್ಟಿಲು ಇದೇ. ಮೇಲಿನ ಸ್ಪರ್ಧೆ ತೊಂದರೆಗೆ ಬಿದ್ದಾಗ ತಂಡಗಳು ಕೆಳಗೆ ಇಳಿಯುತ್ತವೆ. ಇಳಿದ ದೊಡ್ಡ ಊರು ಅಲ್ಲಿದ್ದ ಹಳ್ಳಿಯನ್ನು 60-0ರಲ್ಲಿ ಸೋಲಿಸುತ್ತದೆ. ಎರಡು ವರ್ಷ ಹೀಗಾದರೆ ಹಳ್ಳಿಯ ಹುಡುಗರು ಬರುವುದು ಬಿಡುತ್ತಾರೆ. ಆಟ ಮೊದಲು ಸಾಯುವುದು ಕೆಳಗಿನ ಮೆಟ್ಟಿಲಲ್ಲಿ. ಅಲ್ಲಿ ತಂಡ ಮುಚ್ಚಿದರೆ ಸಿಡ್ನಿ ಪತ್ರಿಕೆಯಲ್ಲಿ ಸುದ್ದಿಯೂ ಆಗುವುದಿಲ್ಲ.

ಹಾಗಂತ ಎಲ್ಲವೂ ಮುಗಿದಿಲ್ಲ. ಯಂಗ್, ಟೆಮೋರ, ಜೂನಿ, ಟ್ಯೂಮಟ್, ಗುಂಡಗೈ ಗ್ರೂಪ್ 9ರ ತಂಡಗಳಾಗಿ ಉಳಿದುಕೊಂಡವು. ಒಂದು ಕಾಲಕ್ಕೆ ಮಾಹೆರ್ ಕಪ್‌ಗಾಗಿ ರೈಲು ಹತ್ತಿದ ಗ್ರೆನ್‌ಫೆಲ್ ಈಗ ವುಡ್‌ಬ್ರಿಡ್ಜ್ ಕಪ್ ಎಂಬ ಎರಡನೇ ಹಂತದ ಸ್ಪರ್ಧೆಗೆ ಸೇರಿದೆ. ಅಲ್ಲಿ ಮನಿಲ್ಡ್ರ, ಟ್ರಂಡಲ್‌ನಂಥ ಪುಟ್ಟ ಊರುಗಳೂ ಇವೆ. ಬೊರೋವ ಕ್ಯಾನ್‌ಬೆರ ಸುತ್ತಲಿನ ಜಾರ್ಜ್ ಟೂಕ್ ಶೀಲ್ಡ್‌ ಕಡೆ ಹೋಯಿತು. ಕಂಟ್ರಿ ರಗ್ಬಿ ಲೀಗ್ ಸಂಸ್ಥೆಯೇ 2019ರಲ್ಲಿ ರಾಜ್ಯ ಸಂಸ್ಥೆಯೊಳಗೆ ಸೇರಿಹೋಯಿತು. ಅಂದರೆ ಒಳನಾಡಿನ ಆಟದ ತೀರ್ಮಾನಗಳನ್ನು ಈಗ ಸಿಡ್ನಿಯಲ್ಲಿರುವ ಕಚೇರಿ ಮಾಡುತ್ತದೆ.

ಆ ಕಚೇರಿಯಲ್ಲಿ ಕೂತವರ ಮುಂದೆ ನನಗೆ ಒಂದು ಮಾತು ಹೇಳಲು ಅವಕಾಶ ಸಿಕ್ಕರೆ, ಎರಡನೇ ದರ್ಜೆ ಸ್ಪರ್ಧೆಗಳಿಗೆ ಮೊದಲು ಹಣ ಕೊಡಿ ಅನ್ನುತ್ತೇನೆ. ರೆಫರಿಗಳ ಖರ್ಚು, ವಿಮೆ, ದೂರದ ಊರಿಗೆ ಬಸ್ಸು, ಇಷ್ಟೇ. ಮೈದಾನಗಳು ಈಗಲೂ ಇವೆ. ಜೂನಿಯ ಮೈದಾನಕ್ಕೆ ಲಾರಿ ಡೇಲಿ ಹೆಸರು, ವೆಸ್ಟ್ ವೈಲಾಂಗ್‌ನದಕ್ಕೆ ಅಲ್ಲಿಂದಲೇ ಆಸ್ಟ್ರೇಲಿಯಾ ತಂಡ ಸೇರಿದ ರಾನ್ ಕ್ರೋ ಹೆಸರು. ಗ್ರೂಪ್ 9ರ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಪದಕಕ್ಕೆ ವೈಸಲ್ ಪದಕ ಅಂತಲೇ ಹೆಸರು. ಅದನ್ನು ಗೆಲ್ಲುವ ಹುಡುಗರು ವಾರವಿಡೀ ಗ್ಯಾರೇಜಿನಲ್ಲೋ, ಶಾಲೆಯಲ್ಲೋ, ಅಪ್ಪನ ಜಮೀನಿನಲ್ಲೋ ದುಡಿದು ಸಂಜೆ ಅಭ್ಯಾಸಕ್ಕೆ ಬರುವವರು.